ಬೀಮ್ ಕಡಿಮೆ ಮಾಡಿ

ಮೂವತ್ತು ವರ್ಷ ದುಬೈಯಲ್ಲಿ ಕಂಡವರಿಗೆಲ್ಲ ಮನೆ ಕಟ್ಟಿಕೊಟ್ಟವನು ನಾನು. ವಿಲ್ಲಾ ಕಟ್ಟಿದ್ದೇನೆ, ಗೋದಾಮು ಕಟ್ಟಿದ್ದೇನೆ, ಒಬ್ಬ ದೊಡ್ಡ ಮನುಷ್ಯರ ಗಿಡುಗಗಳಿಗೆ ಏಸಿ ಹಾಕಿದ ಕೋಣೆಯನ್ನೂ ಕಟ್ಟಿದ್ದೇನೆ. ಆ ಗಿಡುಗಗಳು ಈಗಲೂ ಅಲ್ಲೇ ಹಾಯಾಗಿವೆ. ನಾನು ಮಾತ್ರ ಮೊದಲಿನಿಂದಲೂ ಬಾಡಿಗೆಯವನು. ಮಿರ್ದಿಫ್‌ನ ನಮ್ಮ ವಿಲ್ಲಾದ ಮಾಲೀಕರು ಬಹಳ ಸಭ್ಯರು. ಪ್ರತಿ ವರ್ಷ ಕರಾರು ನವೀಕರಿಸುವ ಹೊತ್ತಿಗೆ ಬಂದು, ಕಾಫಿ ಕುಡಿದು, ನನ್ನ ಹೆಂಡತಿಯ ಗೋಳಿಬಜೆಯನ್ನು ಹೊಗಳಿ ಹೋಗುವವರು. ಈ ಸಲವೂ ಬಂದರು, ಕುಡಿದರು, ಹೊಗಳಿದರು, ಆಮೇಲೆ ಮಗನಿಗೆ ಮದುವೆ ಗೊತ್ತಾಗಿದೆ, ಮನೆ ಬೇಕು ಎಂದರು. ನಾನು ನಗುತ್ತ ಶುಭ ಹಾರೈಸಿದೆ. ಬಾಗಿಲು ಹಾಕಿದ ಮೇಲೆ ಅವರ ಮಗನನ್ನು, ಆ ಮದುಮಗಳನ್ನು, ತಟ್ಟೆಯಲ್ಲಿ ಉಳಿದ ಗೋಳಿಬಜೆಯನ್ನು ಸೇರಿಸಿ ಬೈದೆ.

ಹೆಂಡತಿ ಬೈಯಲಿಲ್ಲ. ಅವಳ ಮುಖದಲ್ಲಿ ಬೆಳಕು ಕಂಡಿತು. ನಾನು ಆಗಷ್ಟೇ ಕಂಪನಿಯ ಕೆಲಸವನ್ನು ಪಾಲುದಾರನಿಗೆ ಒಪ್ಪಿಸಿ ನಿವೃತ್ತನಾಗಿದ್ದೆ. ಅಂದರೆ ನಿವೃತ್ತನಾಗಿದ್ದೇನೆ ಎಂದು ಎಲ್ಲರಿಗೂ ಹೇಳಿ ಮುಗಿಸಿದ್ದೆ. ಮಗಳು ಅಬುಧಾಬಿಯಲ್ಲಿದ್ದಾಳೆ. ಅವಳ ಕಟ್ಟಡದಲ್ಲೇ ಒಂದು ಫ್ಲಾಟು ಖಾಲಿ ಇತ್ತು, ಲಿಫ್ಟಿನಲ್ಲಿ ಇಳಿದರೆ ಮೊಮ್ಮಗಳು. ಇಷ್ಟು ಸರಿಯಾದ, ಇಷ್ಟು ಸುಲಭದ ಯೋಚನೆ ನನ್ನದಾಗಿರಲಿಲ್ಲವಾದ್ದರಿಂದ ನಾನು ಅದನ್ನು ತಕ್ಷಣ ವಿರೋಧಿಸಿದೆ.

ಅದೇ ವಾರ ಹಳೆಯ ಗಿರಾಕಿಯೊಬ್ಬರು ತಮ್ಮ ದೋಣಿಯಲ್ಲಿ ಊಟಕ್ಕೆ ಕರೆದರು. ದೋಣಿಯೆಂದರೆ ನಾನು ಹೋಗುವವನೇ ಅಲ್ಲ. ಸಮುದ್ರ ಕಾಣುವ ಊರಿನಲ್ಲಿ ಹುಟ್ಟಿದರೂ ನನಗೆ ಈಜು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ನಾನು ಮಾಡಿದ ವಾಂತಿಯ ಕಥೆಯನ್ನು ಹೆಂಡತಿಯ ತವರಿನವರು ಈಗಲೂ ಹೊಸ ಅಳಿಯಂದಿರಿಗೆ ಹೇಳುತ್ತಾರೆ. ಆದರೆ ಇದು ಬೇರೆಯೇ ಜಾತಿಯ ದೋಣಿ. ಇಂಗ್ಲೆಂಡಿನ ಕಾಲುವೆಗಳಲ್ಲಿ ಜನ ಸಂಸಾರ ಮಾಡಿಕೊಂಡಿರುವಂಥದ್ದು, ಉದ್ದಕ್ಕೆ, ಅಗಲಕ್ಕೆ, ಚಪ್ಪಟೆ ತಳ. ಒಳಗೆ ಸೋಫಾ, ಹಿತ್ತಾಳೆಯ ನಲ್ಲಿ, ಓಕ್ ಮರದ ಅಡುಗೆಮನೆ, ಸ್ನಾನದ ತೊಟ್ಟಿ. ದುಬೈ ಕಾಲುವೆಯ ಪಕ್ಕದ ಮರೀನಾದಲ್ಲಿ ಕಟ್ಟಿಹಾಕಿದ್ದ ಅದು ಒಂದು ಚೂರೂ ಅಲ್ಲಾಡಲಿಲ್ಲ. ನನಗೆ ವಾಂತಿ ಬರಲಿಲ್ಲ. ಅದನ್ನು ನಾನು ದೈವದ ಅಪ್ಪಣೆ ಎಂದೇ ತಿಳಿದೆ. ಕಂಬಿ ಹಿಡಿದು ನಿಂತು, ನೀರಿಗೆ ಲ್ಯಾಂಡ್‌ಲಾರ್ಡ್ ಇಲ್ಲವಲ್ಲ ಎಂದುಕೊಂಡೆ. ನೀರಿಗೂ ಲ್ಯಾಂಡ್‌ಲಾರ್ಡ್ ಇದ್ದಾನೆ, ಮರೀನಾದ ಜಾಗಕ್ಕೆ ಅವನೂ ವರ್ಷಕ್ಕೊಮ್ಮೆ ಕರಾರು ಹಿಡಿದು ಬಂದು ಕಾಫಿ ಕುಡಿಯುತ್ತಾನೆ ಎಂಬುದು ಗೊತ್ತಾದದ್ದು ಆಮೇಲೆ.

ಮನೆಗೆ ಬಂದು, ನಾವು ಒಂದು ದೋಣಿ ಕಟ್ಟಿಸಿ ಅದರಲ್ಲೇ ಇರೋಣ ಎಂದೆ.

“ನಿಮ್ಗೆ ಮಂಡೆ ಸಮ ಉಂಟಾ?” ಎಂದಳು ಹೆಂಡತಿ.

ನಾನು ಹಿತ್ತಾಳೆಯ ನಲ್ಲಿಯ ಬಗ್ಗೆ ಹೇಳಿದೆ. ಸ್ವಂತದ್ದು ಎಂದೆ. ಯಾರ ಮಗನ ಮದುವೆಗೂ ಬಿಟ್ಟುಕೊಡಬೇಕಿಲ್ಲ ಎಂದೆ. ಅವಳು ನಾಲ್ಕೈದು ದಿನ ಆ ವಿಷಯ ಎತ್ತಲಿಲ್ಲ. ಒಂದು ಸಂಜೆ ಬಟ್ಟೆ ಮಡಚುತ್ತ ತೀರ್ಪು ಕೊಟ್ಟಳು.

“ಕಟ್ಟಿಸಿ. ನಾನು ಬಂದು ನೋಡ್ತೇನೆ. ಅದು ಮನೆ ಅಂತ ನನ್ಗೆ ಕಂಡ್ರೆ ಬರ್ತೇನೆ. ಇಲ್ಲದಿದ್ರೆ ನಾನು ಅಬುಧಾಬಿಗೆ, ನೀವು ನೀರಿಗೆ. ಮತ್ತೆ ಒಂದು ಮಾತು, ಮಲಗುವ ಕೋಣೆಯಲ್ಲಿ ತಲೆ ಮೇಲೆ ಬೀಮ್ ಇರ್ಬಾರ್ದು.”

ಬೀಮಿನ ವಿಷಯ ನಮ್ಮ ಮನೆಯಲ್ಲಿ ಹಳೆಯದು. ನಮ್ಮ ಹಿಂದಿನ ಫ್ಲಾಟಿನಲ್ಲಿ ಮಂಚದ ನೇರ ಮೇಲೆ ಚಾವಣಿಗೆ ಅಡ್ಡಲಾಗಿ ಒಂದು ದಪ್ಪ ಕಾಂಕ್ರೀಟ್ ಬೀಮ್ ಹಾದುಹೋಗಿತ್ತು. ಅದರ ಕೆಳಗೆ ಮಲಗಬಾರದೆಂದು ಊರಿನ ವಾಸ್ತುವಿನವರು ಫೋನಿನಲ್ಲೇ ಹೇಳಿದ್ದರು. ತನ್ನ ಬೆನ್ನುನೋವು, ನನ್ನ ಗ್ಯಾಸು, ಮಗಳಿಗೆ ಗಣಿತದಲ್ಲಿ ಬಂದ ಅಂಕ, ಎಲ್ಲಕ್ಕೂ ಆ ಬೀಮೇ ಕಾರಣ ಎಂದು ಅವಳ ನಂಬಿಕೆ. ಕಟ್ಟಡದವನಾದ ನಾನು ಇದನ್ನೆಲ್ಲ ನಂಬುವುದಿಲ್ಲ. ಆದರೆ ಅವಳು ಹೇಳಿದ ಮೇಲೆ ಮಂಚ ಸರಿಸಿದ್ದೆ, ಗ್ಯಾಸು ಕಡಿಮೆಯೂ ಆಗಿತ್ತು. ಅಡುಗೆಮನೆ ಆಗ್ನೇಯದಲ್ಲಿರಲಿ ಎಂದೂ ಅವಳು ಕೇಳುವವಳಿದ್ದಳು. ಅಷ್ಟರಲ್ಲಿ ಫೋನಿನಲ್ಲಿದ್ದ ಮಗಳು, “ಅಮ್ಮಾ, ಇಟ್ಸ್ ಎ ಬೋಟ್. ಇಟ್ ಟರ್ನ್ಸ್,” ಎಂದದ್ದರಿಂದ ಆಗ್ನೇಯ ಬಿಟ್ಟುಹೋಯಿತು. ಬೀಮ್ ಉಳಿಯಿತು.

ಅಜ್ಮಾನ್‌ನಲ್ಲಿ ಈ ಥರದ ದೋಣಿ ಕಟ್ಟುವ ಯಾರ್ಡ್ ಒಂದಿತ್ತು. ನಡೆಸುವವರು ವಯಸ್ಸಾದ ಒಬ್ಬ ಇಂಗ್ಲಿಷಿನವರು. ಮೆತ್ತಗಿನ ದನಿ, ಸುಟ್ಟ ಮೂಗು, ಯಾವುದಕ್ಕೂ ‘ಲವ್ಲಿ’ ಎನ್ನದೆ ಮಾತು ಮುಗಿಸುತ್ತಿರಲಿಲ್ಲ. ನಾನೂ ಇದೇ ಕ್ಷೇತ್ರದವನೇ, ಕನ್‌ಸ್ಟ್ರಕ್ಷನ್, ಮೂವತ್ತು ವರ್ಷ ಎಂದು ಕೂರುವ ಮೊದಲೇ ಹೇಳಿಬಿಟ್ಟೆ. ಲವ್ಲಿ ಎಂದರು. ನನಗೆ ಗೊತ್ತಿಲ್ಲದ್ದನ್ನು ಕೇಳುವ ಅವಕಾಶ ಅಲ್ಲಿಗೆ ಮುಗಿಯಿತು. ಅರುವತ್ತು ಅಡಿ ಉದ್ದ ಇರಲಿ ಎಂದೆ. ಮರ, ಬಣ್ಣ, ನಲ್ಲಿ ಎಲ್ಲ ಮಾತಾಡಿದ ಮೇಲೆ ಅವರು ಪೆನ್ಸಿಲ್ ಎತ್ತಿಕೊಂಡು, ಬೀಮ್ ಎಷ್ಟಿರಬೇಕು ಅಂತ ಯೋಚಿಸಿದ್ದೀರಾ ಎಂದು ಕೇಳಿದರು.

ನನಗೆ ಖುಷಿಯಾಯಿತು. ಎಂಥ ವೃತ್ತಿಪರ ಮನುಷ್ಯ, ನಾನು ಬಾಯಿ ಬಿಡುವ ಮೊದಲೇ ಮುಖ್ಯ ವಿಷಯಕ್ಕೆ ಬಂದರಲ್ಲ.

“ಬೀಮ್ ಆದಷ್ಟು ಕಡಿಮೆ ಮಾಡಿ,” ಎಂದೆ. “ಅದರಲ್ಲೂ ಮಲಗುವ ಕೋಣೆಯಲ್ಲಿ. ನನ್ನ ಹೆಂಡತಿಗೆ ಬೀಮ್ ಕಂಡರೆ ಆಗುವುದಿಲ್ಲ.”

ಅವರು ಪೆನ್ಸಿಲ್ ಕೆಳಗಿಟ್ಟರು. ಹೆಚ್ಚಿನವರು ವೈಡ್ ಬೀಮ್ ಬಯಸುತ್ತಾರೆ, ವಾಸಕ್ಕೆ ಅದೇ ಆರಾಮ ಎಂದರು.

“ವೈಡ್ ಬೀಮಾ?” ಎಂದು ನಾನು ಕುರ್ಚಿಯಿಂದ ಅರ್ಧ ಎದ್ದೆ. “ಸಾಧ್ಯವೇ ಇಲ್ಲ. ವೈಡ್ ಬೀಮ್ ಹಾಕಿದರೆ ಅವಳು ದೋಣಿಗೆ ಕಾಲೇ ಇಡುವುದಿಲ್ಲ. ಒಂದು ವೇಳೆ ಬೀಮ್ ಬೇಕೇ ಬೇಕು ಎಂದಾದರೆ ಕನ್ಸೀಲ್ಡ್ ಬೀಮ್ ಮಾಡಿ. ನಾವು ಕಟ್ಟಡದಲ್ಲಿ ಹಾಗೇ ಮಾಡುವುದು, ಸ್ಲ್ಯಾಬಿನೊಳಗೇ ಅಡಗಿಸಿಬಿಡುತ್ತೇವೆ.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ನನ್ನ ಜ್ಞಾನಕ್ಕೆ ಮಾರುಹೋದರು ಎಂದು ನಾನು ತಿಳಿದೆ. ಸ್ವಲ್ಪ ಇಕ್ಕಟ್ಟಾಗುತ್ತದೆ ಎಂದು ಏನೋ ಗೊಣಗಿದರು. ಬೀಮ್ ಸಣ್ಣದಾದರೆ ಚಾವಣಿಯ ಭಾರ ಹೊರುವುದು ಕಷ್ಟ ಎನ್ನುತ್ತಿದ್ದಾರೆ ಎಂದುಕೊಂಡು, ನೀವು ನಿಭಾಯಿಸುತ್ತೀರಿ ಬಿಡಿ ಎಂದು ಭುಜ ತಟ್ಟಿ ಬಂದೆ.

ಕೆಲವು ವಾರಗಳಲ್ಲಿ ಡ್ರಾಯಿಂಗ್ ಬಂತು. ಡ್ರಾಯಿಂಗ್ ನೋಡದೆ ಮೊಳೆಯನ್ನೂ ಹೊಡೆಯಬಾರದು ಎಂದು ಸೈಟಿನಲ್ಲಿ ಎಷ್ಟು ಹುಡುಗರಿಗೆ ನಾನು ಬೈದಿದ್ದೇನೋ, ಅವರೆಲ್ಲ ಈಗ ಎಲ್ಲಿದ್ದರೂ ನನ್ನನ್ನು ಕ್ಷಮಿಸಬೇಕು. ಡ್ರಾಯಿಂಗ್ ಜೊತೆ ಕಂಪ್ಯೂಟರಿನಲ್ಲಿ ಮಾಡಿದ ಬಣ್ಣದ ಚಿತ್ರಗಳೂ ಬಂದಿದ್ದವು. ನಾನು ಅವನ್ನಷ್ಟೇ ನೋಡಿದೆ. ಚಿತ್ರದಲ್ಲಿ ಅಡುಗೆಮನೆ ಮದುವೆ ಹಾಲಿನಂತೆ ಕಾಣುತ್ತಿತ್ತು. ಚಾವಣಿ ನುಣ್ಣಗೆ, ಒಂದು ಬೀಮೂ ಇಲ್ಲ. ಅದನ್ನೇ ಫೋನಿನಲ್ಲಿ ಹಿಡಿದುಕೊಂಡು ಕನ್ನಡ ಸಂಘದ ಕಾರ್ಯಕ್ರಮ, ಸಲೂನು, ದೇರಾದ ಉಡುಪಿ ಹೋಟೆಲು ಎಲ್ಲೆಡೆ ತೋರಿಸಿದೆ. ಅರುವತ್ತು ಅಡಿ, ಅರುವತ್ತು ಅಡಿ ಎಂದು ಕೊಚ್ಚಿಕೊಂಡೆ. ಅಗಲ ಎಷ್ಟು ಎಂದು ಯಾರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಉಕ್ಕು ಕತ್ತರಿಸುವ ಮೊದಲು ನನ್ನ ಒಪ್ಪಿಗೆ ಬೇಕಿತ್ತು, ನನಗೆ ಹೆಂಡತಿಯ ಒಪ್ಪಿಗೆ ಬೇಕಿತ್ತು. ಅವಳು ಚಿತ್ರಗಳನ್ನು ನಂಬುವವಳಲ್ಲ. ಊರಿನಲ್ಲಿ ಮನೆ ಕಟ್ಟುವಾಗ ಮೊದಲು ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಇದು ಜಗಲಿ, ಇದು ಒಳಗೆ ಎಂದು ಮನೆಯವರನ್ನು ನಡೆಸಿ ತೋರಿಸುತ್ತಾರಲ್ಲ, ಹಾಗೆಯೇ ಮಾಡೋಣ ಎಂದುಕೊಂಡೆ. ಜೆಬೆಲ್ ಅಲಿಯಲ್ಲಿ ನಮ್ಮ ಕಂಪನಿಯ ಗೋದಾಮಿದೆ. ಅಲ್ಲಿಯ ಸ್ಟೋರ್‌ಕೀಪರ್ ಮಂಗಳೂರು ಕಡೆಯ ಬ್ಯಾರಿ, ನನ್ನ ಜೊತೆ ಬಹಳ ವರ್ಷದಿಂದ ಇರುವವ. ಅವನಿಗೆ ಡ್ರಾಯಿಂಗ್ ಕಳಿಸಿ, ಇದನ್ನು ನೆಲದ ಮೇಲೆ ಪೂರ್ತಿ ಅಳತೆಗೆ ಗೆರೆ ಹಾಕಿ ಇಡು ಎಂದೆ.

ಹೆಂಡತಿ ರೇಷ್ಮೆ ಸೀರೆ ಉಟ್ಟು ಬಂದಳು. ಕೈಯಲ್ಲಿ ಅರಿಸಿನ ಕುಂಕುಮದ ಭರಣಿ. ಗೋದಾಮಿನ ಬಾಗಿಲಲ್ಲಿ ಅವಳನ್ನು ನೋಡಿ ಫೋರ್ಕ್‌ಲಿಫ್ಟಿನವನು ಇಂಜಿನ್ ಬಂದ್ ಮಾಡಿ ಕೆಳಗಿಳಿದ. ಸಿಮೆಂಟ್ ನೆಲದ ಮೇಲೆ ಬಿಳಿ ಗೆರೆಯ ಒಂದು ಆಕೃತಿ ಉದ್ದಕ್ಕೆ ಮಲಗಿತ್ತು. ಉದ್ದ ಸರಿಯಾಗಿಯೇ ಇತ್ತು. ಅಗಲ ನೋಡಿದರೆ ಎರಡು ಕೈ ಚಾಚಿದಷ್ಟೇ. ಆದರೆ ಅವಳು ಆಗಲೇ ಬಲಗಾಲಿಟ್ಟು ಸುಣ್ಣದ ಬಾಗಿಲಿನಿಂದ ಒಳಗೆ ಬಂದಾಗಿತ್ತು.

“ಇದು ಹಾಲ್,” ಎಂದೆ. “ಇದು ಸೋಫಾ.”

“ಸೋಫಾದಲ್ಲಿ ಕೂತ್ರೆ ಮೊಣಕಾಲು ಎಲ್ಲಿ ಇಡುದು?”

“ಇದು ಅಡುಗೆಮನೆ,” ಎಂದು ಮುಂದೆ ಹೋದೆ. ಅವಳು ಹಿಂದೆ ಬಂದಳು. ಅಲ್ಲಿಂದ ಮಲಗುವ ಕೋಣೆ ತೋರಿಸಲು ತಿರುಗಿದರೆ ಇಬ್ಬರೂ ಮುಖಾಮುಖಿ. ನಾನು ಹೊಟ್ಟೆ ಎಳೆದುಕೊಂಡೆ, ಅವಳು ಸೆರಗು ಎಳೆದುಕೊಂಡಳು, ಆದರೂ ಒಬ್ಬರನ್ನೊಬ್ಬರು ದಾಟಲಾಗಲಿಲ್ಲ. ನಮ್ಮ ಮಧ್ಯೆ ಇದ್ದದ್ದು ಕುಂಕುಮದ ಭರಣಿ ಒಂದೇ. ನನಗೆ ಪಿತ್ತ ನೆತ್ತಿಗೇರಿತು. ಸ್ಟೋರ್‌ಕೀಪರನನ್ನು ಕೂಗಿದೆ.

“ಡ್ರಾಯಿಂಗಲ್ಲಿ ಇದ್ದದ್ದೇ ಹಾಕಿದ್ದು ಸಾರ್,” ಎಂದ ಅವನು. “ನಾನೂ ಕೇಳುವ ಅಂತ ಇದ್ದೆ. ಮತ್ತೆ, ನೀವು ಇಬ್ಬರೇ ಅಲ್ವಾ ಇರುದು ಅಂತ ಸುಮ್ಮನಾದೆ.”

ಅಲ್ಲೇ ನಿಂತು ಅಜ್ಮಾನಿಗೆ ಫೋನ್ ಮಾಡಿದೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ, ಅವರ ಮರ್ಯಾದೆ ತೆಗೆಯುವ ಉದ್ದೇಶದಿಂದ. ಇಷ್ಟು ಇಕ್ಕಟ್ಟಾಗಿ ಯಾಕೆ ಮಾಡಿದಿರಿ ಎಂದು ಗದರಿದೆ. ಆ ಮೆತ್ತಗಿನ ದನಿ, ಬೀಮ್ ಆದಷ್ಟು ಕಡಿಮೆ ಮಾಡಿ, ಬೇಕೇ ಬೇಕಾದರೆ ಕನ್ಸೀಲ್ಡ್ ಬೀಮ್ ಮಾಡಿ ಎಂದವರು ನೀವೇ ಅಲ್ಲವೇ ಸರ್, ಎಂದಿತು. ಬೀಮಿಗೂ ಇದಕ್ಕೂ ಏನು ಸಂಬಂಧ ಎಂದೆ. ಅವರು ಮಗುವಿಗೆ ಹೇಳುವಂತೆ ಹೇಳಿದರು: ದೋಣಿಯವರ ಮಾತಿನಲ್ಲಿ ಬೀಮ್ ಎಂದರೆ ದೋಣಿಯ ಅಗಲ. ವೈಡ್ ಬೀಮ್ ಎಂದರೆ ಅಗಲದ ದೋಣಿ.

ಸ್ಟೋರ್‌ಕೀಪರ್ ಚಾವಣಿ ನೋಡತೊಡಗಿದ. ಅಲ್ಲಿ ನನ್ನ ಗೋದಾಮಿನ ಬೀಮುಗಳಿದ್ದವು.

ಹೆಂಡತಿಗೆ ನನಗಿಂತ ಮೊದಲು ಅರ್ಥವಾಗಿತ್ತು. ಬಣ್ಣದ ಡಬ್ಬದ ಮೇಲೆ ಕುಸಿದು ಕೂತು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ರೇಷ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. “ಕನ್ಸೀಲ್ಡ್ ಬೀಮ್!” ಎಂದು ಮತ್ತೆ ನಕ್ಕಳು. ನಾನು ಇಂಗು ತಿಂದ ಮಂಗನಂತೆ ಸುಣ್ಣದ ಅಡುಗೆಮನೆಯಲ್ಲಿ ನಿಂತಿದ್ದೆ. ಅವಳ ನಗು ನೋಡಿ, ಪಾರಾದೆ ಎನಿಸಿ ನಾನೂ ಹಲ್ಲು ಕಿರಿದೆ. ನಗಿಸಿದರೆ ಒಪ್ಪುತ್ತಾಳೆ ಎಂಬ ಹಳೆಯ ಲೆಕ್ಕ.

“ನೈಫಿನಲ್ಲಿ ನಮ್ಮ ರೂಮೂ ಹೀಗೇ ಇತ್ತಲ್ವಾ?” ಎಂದೆ. ಮದುವೆಯಾಗಿ ಅವಳು ಬಂದಾಗ ನಾವಿದ್ದದ್ದು ನೈಫ್ ಎಂಬ ಹಳೆಯ ಬಡಾವಣೆಯ ಒಂದು ಫ್ಲಾಟಿನ ಹಾಲಿನಲ್ಲಿ ಪ್ಲೈವುಡ್ ಹೊಡೆದು ಮಾಡಿದ ಪಾರ್ಟಿಷನ್ ರೂಮಿನಲ್ಲಿ. ಒಬ್ಬರು ದಾಟಬೇಕಾದರೆ ಇನ್ನೊಬ್ಬರು ಮಂಚ ಹತ್ತಬೇಕಿತ್ತು. “ಎಷ್ಟು ಚಂದ ಇತ್ತು ಮಾರಾಯ್ತಿ. ಜಾಗ ಇಲ್ಲದಿದ್ರೂ ಎಂಥ ಖುಷಿ.”

ಅವಳು ನಗು ನಿಲ್ಲಿಸಿದಳು.

“ನಿಮ್ಗೆ ಚಂದ ಇತ್ತು. ನೀವು ಬೆಳಗ್ಗೆ ಸೈಟಿಗೆ ಹೋದ್ರೆ ಬರುದು ರಾತ್ರಿ ಊಟಕ್ಕೆ. ಅದ್ರ ಒಳಗೆ ಇದ್ದದ್ದು ನಾನು. ಆಚೆ ಬದಿಯವ್ರು ರಾತ್ರಿ ಡ್ಯೂಟಿ ಮಾಡಿ ಹಗಲು ಮಲಗ್ತಿದ್ರು. ಮಗು ಅತ್ರೆ ಪ್ಲೈವುಡ್ಡಿಗೆ ಬಡಿತಿದ್ರು. ನಾನು ಮಗಳ ಬಾಯಿಗೆ ಕೈ ಇಟ್ಕೊಂಡು ಕೂತ್ಕೊಳ್ತಿದ್ದೆ, ಗೊತ್ತುಂಟಾ ನಿಮ್ಗೆ?”

ನನಗೆ ಗೊತ್ತಿರಲಿಲ್ಲ. ಆ ಬದಿಯವರು ನನ್ನೊಡನೆ ಯಾವಾಗಲೂ ನಗುನಗುತ್ತ ಮಾತಾಡುತ್ತಿದ್ದರು. ಅವಳು ಕೈ ಇಟ್ಟುಕೊಂಡು ಕೂತ ಆ ಚಿತ್ರ ಕಣ್ಣ ಮುಂದೆ ಬಂತು. “ಅಗಲ ಹನ್ನೆರಡು ಅಡಿ ಮಾಡಿಸ್ತೇನೆ,” ಎಂದೆ.

“ಮಾಡಿಸಿ,” ಎಂದಳು. “ನೀವು ಅದ್ರಲ್ಲಿ ಇರ್ತೀರಾ? ನಿವೃತ್ತಿ ಆದ ಮೇಲೆ ಎಷ್ಟು ದಿನ ನೀವು ಮನೆಯಲ್ಲಿ ಕೂತಿದ್ದೀರಿ ಹೇಳಿ. ಸುಮ್ಮನೆ ಒಂದು ರೌಂಡ್ ಹೋಗಿ ಬರ್ತೇನೆ ಅಂತ ದಿನಾ ಹೋಗ್ತೀರಿ. ಈಗಿನ ಮನೆಯಲ್ಲಿ ಆದ್ರೆ ಆಚೆಮನೆಯವ್ರಾದ್ರೂ ಇದ್ದಾರೆ. ನೀರಿನ ಮೇಲೆ ನಾನು ಯಾರ ಮುಖ ನೋಡುದು? ನಾನು ಒಳಗೆ, ನೀವು ಹೊರಗೆ, ಅದು ಇನ್ನು ನನ್ನಿಂದ ಆಗುದಿಲ್ಲ.”

ಆ ಹೊತ್ತಿಗೆ ಸರಿಯಾಗಿ ನನ್ನ ಫೋನು ರಿಂಗಾಯಿತು. ಪಾಲುದಾರ. ಯಾವುದೋ ಸೈಟಿಗೆ ಕಾಂಕ್ರೀಟ್ ಲಾರಿ ಬಂದಿಲ್ಲವಂತೆ. ಅದಕ್ಕೂ ನನಗೂ ಈಗ ಸಂಬಂಧವೇ ಇಲ್ಲ.

“ಒಂದು ನಿಮಿಷ,” ಎಂದು ಅವಳಿಗೆ ಕೈ ತೋರಿಸಿ, “ಹಲೋ” ಎಂದೆ.

ಮಾತು ಮುಗಿಸಿ ತಿರುಗಿದರೆ ಅವಳು ಎದ್ದಿದ್ದಳು. ಬಾಗಿಲಿನ ಗುರುತಿನ ಕಡೆಗೆ ಹೋಗಲಿಲ್ಲ. ಅಡುಗೆಮನೆಯ ಗೋಡೆಯನ್ನು ನೇರ ದಾಟಿ, ಸೀರೆಯ ಅಂಚಿಗೆ ಸುಣ್ಣ ಮೆತ್ತಿಕೊಂಡು, ಕಾರಿನ ಕಡೆ ನಡೆದಳು. ಮಾರನೆಯ ದಿನ ಅಳಿಯ ಬಂದು ಅವಳನ್ನು ಅಬುಧಾಬಿಗೆ ಕರೆದುಕೊಂಡು ಹೋದ. ಜಗಳವೇನೂ ಆಗಲಿಲ್ಲ. ಫ್ರಿಜ್‌ನಲ್ಲಿ ನನಗೆ ಒಂದು ವಾರಕ್ಕಾಗುವಷ್ಟು ಸಾರು ಇಟ್ಟೇ ಹೋಗಿದ್ದಳು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ನಾನು ನನಗೆ ಗೊತ್ತಿದ್ದ ಕೆಲಸ ಮಾಡಿದೆ. ಅಜ್ಮಾನಿಗೆ ಹೋಗಿ ಕ್ಷಮೆ ಕೇಳಿ, ವೈಡ್ ಬೀಮ್, ಆದಷ್ಟು ವೈಡ್ ಬೀಮ್ ಎಂದು ಬೇಡಿಕೊಂಡೆ. ಲವ್ಲಿ ಎಂದರು. ಹೊಸ ಡ್ರಾಯಿಂಗಿನ ಒಂದೊಂದು ಅಂಕಿಯನ್ನೂ ಕನ್ನಡಕ ಹಾಕಿ ಓದಿದೆ. ಗೋದಾಮಿನಲ್ಲಿ ಹಳೆಯ ಗೆರೆ ತೊಳೆಸಿ ಹೊಸದಾಗಿ ಹಾಕಿಸಿದೆ. ಅಗಲವಾದ ಅಡುಗೆಮನೆ, ಮೊಣಕಾಲಿಗೆ ಧಾರಾಳ ಜಾಗ. ಫೋಟೋ ತೆಗೆದು ಹೆಂಡತಿಗೆ ಕಳಿಸಿದೆ. ಸಂಜೆ ಅವಳ ಉತ್ತರ ಬಂತು: ಚಂದ ಉಂಟು. ಹಗಲು ಇದರಲ್ಲಿ ಯಾರು ಇರುವುದು?

ನಾನು ಇರುತ್ತೇನೆ ಎಂದು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ನನಗೇ ಖಾತ್ರಿ ಇರಲಿಲ್ಲ. ಮನೆ ಎಂಬುದನ್ನು ನಾನು ಕಟ್ಟಿದ್ದೆನೇ ಹೊರತು, ಹಗಲು ಹೊತ್ತಿನಲ್ಲಿ ಅದರೊಳಗೆ ಏನಾಗುತ್ತದೆ ಎಂದು ನೋಡಿದವನೇ ಅಲ್ಲ.

ಮಾರನೆಯ ದಿನ ಬೆಳಗ್ಗೆ ಜೆಬೆಲ್ ಅಲಿಗೆ ಹೋದೆ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಸುಣ್ಣದ ಅಡುಗೆಮನೆಯಲ್ಲಿ ಹಾಕಿ ಕೂತೆ. ಫೋನನ್ನು ಸ್ಟೋರ್‌ಕೀಪರನ ಕೈಗೆ ಕೊಟ್ಟು, ಯಾರು ಮಾಡಿದರೂ ನಾನಿಲ್ಲ ಎನ್ನು, ಮನೆಯವರನ್ನು ಬಿಟ್ಟು ಎಂದೆ. ಅವನು ಏನೂ ಕೇಳಲಿಲ್ಲ, ಒಂದು ಫ್ಯಾನ್ ತಂದು ನನ್ನ ಕಡೆ ತಿರುಗಿಸಿಟ್ಟು ಹೋದ. ಮೊದಲು ಚೆನ್ನಾಗಿತ್ತು. ಆಮೇಲೆ ಬೇಜಾರು ಶುರುವಾಯಿತು. ಕಿಟಕಿ ಇನ್ನೂ ಸ್ವಲ್ಪ ಆಚೆ ಬೇಕಿತ್ತು ಎನಿಸಿತು, ಹೇಳಲು ಯಾರೂ ಇರಲಿಲ್ಲ. ಫೋರ್ಕ್‌ಲಿಫ್ಟಿನವನು ಪೈಪಿನ ಕಟ್ಟು ಹೊತ್ತು ನನ್ನ ಮಲಗುವ ಕೋಣೆಯೊಳಗಿಂದಲೇ ಹಾದುಹೋದ, ಅವನಿಗೆ ಬೈಯಲೂ ಮನಸ್ಸಾಗಲಿಲ್ಲ. ಗೋದಾಮಿನ ಬಾಗಿಲಿನ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಎದ್ದು ಹೋಗಿಬಿಡೋಣ, ಸುಮ್ಮನೆ ಒಂದು ರೌಂಡ್, ಎಂದು ಮನಸ್ಸು ಎಷ್ಟು ಸಲ ಎದ್ದಿತೋ. ಕೂತೆ. ಅವಳು ಹೀಗೆಯೇ ಕೂತಿದ್ದಳು, ಮಡಿಲಲ್ಲಿ ಅಳುವ ಮಗುವನ್ನು ಬೇರೆ ಇಟ್ಟುಕೊಂಡು. ಅಷ್ಟು ನೆನೆದದ್ದೇ ತಡ, ನನಗೆ ಅಳು ಬಂತು. ಫ್ಯಾನಿನ ಗಾಳಿಗೆ ಕಣ್ಣು ಉರಿಯಿತು ಎಂದು ಹೇಳಿದರೆ ಸುಳ್ಳಾದೀತು.

ಮಧ್ಯಾಹ್ನದ ಹೊತ್ತಿಗೆ ಸ್ಟೋರ್‌ಕೀಪರ್ ಫೋನ್ ಹಿಡಿದು ಓಡಿಬಂದ. ಗೋಡೆಯ ಗೆರೆಯ ಆಚೆಯೇ ನಿಂತು, ಕಿಟಕಿಯ ಗುರುತಿನ ಮೇಲಿನಿಂದ ಕೈ ಚಾಚಿ ಕೊಟ್ಟ. “ಮನೆಯವ್ರು ಸಾರ್.”

“ಆಫೀಸಿಗೆ ಮಾಡಿದ್ರೆ ಬರ್ಲಿಲ್ಲ ಅಂದ್ರು,” ಎಂದಳು ಹೆಂಡತಿ. “ಎಲ್ಲಿದ್ದೀರಿ?”

“ಮನೆಯಲ್ಲಿ. ಅಂದ್ರೆ ದೋಣಿಯಲ್ಲಿ. ಗೆರೆಯೊಳಗೆ.”

“ಎಂತ ಮಾಡ್ತಿದ್ದೀರಿ ಅಲ್ಲಿ?”

“ಎಂತದೂ ಇಲ್ಲ. ಬೆಳಗ್ಗಿಂದ ಕೂತಿದ್ದೇನೆ.”

“ಹೇಗೆ ಉಂಟು?”

ಹಿತ್ತಾಳೆಯ ನಲ್ಲಿ, ಓಕ್ ಮರ, ಹನ್ನೆರಡು ಅಡಿ, ಹೇಳಲು ಬೇಕಾದಷ್ಟಿತ್ತು.

“ತುಂಬಾ ಬೇಜಾರು ಮಾರಾಯ್ತಿ,” ಎಂದೆ.

ಹಿಂದೆ ಮೊಮ್ಮಗಳು ಏನೋ ಇಂಗ್ಲಿಷಿನಲ್ಲಿ ಹಟ ಮಾಡುತ್ತಿರುವುದು ಕೇಳುತ್ತಿತ್ತು.

“ಏಳ್ಬೇಡಿ. ಅಲ್ಲೇ ಕೂತಿರಿ,” ಎಂದಳು. “ಅಳಿಯನ ಹತ್ರ ಕಾರು ತೆಗೀಲಿಕ್ಕೆ ಹೇಳ್ತೇನೆ.”